ಹಿರಿಯ ವಿದ್ಯಾರ್ಥಿ, ಕಿರಿಯ ಸಂಶೋಧಕ



ಬೆಂಗಳೂರಿನ ದಂಡು (ಕಂಟೋನ್ಮೆಂಟ್) ರೈಲು ನಿಲ್ದಾಣದಿಂದ ಮಿಲ್ಲರ್ಸ್ ರಸ್ತೆ ಹಿಡಿದು ಸ್ವಲ್ಪ ದೂರ ನಡೆದರೆ ಬೆನ್ಸನ್ ಟೌನ್ ಸಿಗುತ್ತದೆ. 1883ರಲ್ಲಿ ರಿಚ್ಮಂಡ್ ಟೌನ್, ಕ್ಲೀವ್‌ಲ್ಯಾಂಡ್ ಟೌನ್‌ಗಳ ಜೊತೆಯಲ್ಲಿ ದಂಡಿಗೆ ಸೇರಿದ ಬಡಾವಣೆ ಇದು. ಇಲ್ಲಿಯೇ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು ಇದೆ. 1910ರಲ್ಲಿ ಆರಂಭವಾದ ಈ ಕಾಲೇಜಿನಲ್ಲಿ ದೈವಶಾಸ್ತ್ರದ ಮೊದಲ ಪದವಿಗೆ ಓದುವವರು, ಸ್ನಾತಕೋತ್ತರ ಪದವಿಗೆ ಓದುವವರು, ಡಾಕ್ಟರೇಟ್‌ಗೆ ದುಡಿಯುವವರು ಎಲ್ಲರೂ ಒಂದೇ ಆವರಣದಲ್ಲಿದ್ದಾರೆ, ಒಂದೇ ಗ್ರಂಥಾಲಯವನ್ನು ಬಳಸುತ್ತಾರೆ. ಚರ್ಚುಗಳ ಮತ್ತು ಮಿಷನ್‌ಗಳ ಹಳೆಯ ಕಾಗದಪತ್ರಗಳನ್ನು ಕಾಪಾಡಿಟ್ಟ ದಾಖಲೆ ಭಂಡಾರವೂ ಅಲ್ಲಿದೆ. ದಕ್ಷಿಣ ಭಾರತದ ಇತಿಹಾಸದ ಮೇಲೆ ಕೆಲಸ ಮಾಡುವವರು ಅದನ್ನು ಹುಡುಕಿಕೊಂಡು ಬರುತ್ತಾರೆ. ಹತ್ತಿರದ ಬೆನ್ಸನ್ ರಸ್ತೆಯಲ್ಲಿ ಸಮಾಜದ ಅಧ್ಯಯನಕ್ಕೆಂದೇ ಇರುವ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಇದೆ. ಜಯಮಹಲ್ ದಾಟಿ ಮೇಖ್ರಿ ವೃತ್ತದ ಕಡೆ ಹೋದರೆ ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ. ಇನ್ನೂ ಮುಂದೆ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಊರೆಲ್ಲ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ.

ಇಷ್ಟು ಹತ್ತಿರ ಹತ್ತಿರದಲ್ಲಿ ಹಿರಿಯ ವಿದ್ಯಾರ್ಥಿಗಳೂ ಕಿರಿಯ ವಿದ್ಯಾರ್ಥಿಗಳೂ ಇರುವ ಊರು ನಮ್ಮದು. ಸಂಶೋಧನೆ ಎಂದರೇನು ಎಂದು ಈಗಷ್ಟೇ ಕಣ್ಣು ಬಿಡುತ್ತಿರುವ ಪದವಿ ವಿದ್ಯಾರ್ಥಿಗೆ, ಎರಡು ಮೂರು ವರ್ಷ ಮುಂದಿರುವ ಸ್ನಾತಕೋತ್ತರ ವಿದ್ಯಾರ್ಥಿ ಏನು ಕೊಡಬಲ್ಲರು? ಈ ಮಾತನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಮೊದಲೇ ಹೇಳಿಬಿಡುತ್ತೇನೆ: ಆ ಹಿರಿಯರು ಕೊಡಬಲ್ಲದ್ದನ್ನು ಪ್ರೊಫೆಸರೂ ಕೊಡಲಾರರು, ಪುಸ್ತಕವೂ ಕೊಡಲಾರದು. ಆದರೂ ನಮ್ಮ ಕಾಲೇಜುಗಳು ಅದನ್ನು ಒಂದು ಕೆಲಸವೆಂದು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯಬೇಕು ಎಂಬುದು ನನ್ನ ವಾದ.

ಪದವಿ ತರಗತಿಯ ಹುಡುಗ ಹುಡುಗಿಯರಿಗೆ ಸಂಶೋಧನೆ ಕಾಣುವುದು ಅದು ಮುಗಿದ ಮೇಲೆ. ಅಚ್ಚಾದ ಲೇಖನ, ರಟ್ಟು ಕಟ್ಟಿದ ಮಹಾಪ್ರಬಂಧ, ವೇದಿಕೆಯ ಮೇಲಿನ ಭಾಷಣ. ಅದರ ಹಿಂದೆ ಎಷ್ಟು ಪ್ರಶ್ನೆಗಳನ್ನು ಕೈಬಿಟ್ಟಿದ್ದಾರೆ, ಎಷ್ಟು ದಿನ ಬರಿಗೈಲಿ ವಾಪಸು ಬಂದಿದ್ದಾರೆ ಎಂಬುದು ಅಲ್ಲಿ ಕಾಣುವುದಿಲ್ಲ. ಹೀಗಾಗಿ ಮೊದಲ ಪ್ರಾಜೆಕ್ಟ್ ಕೈಗೆ ಬಂದಾಗ ಇಡೀ ಲೋಕವನ್ನೇ ವಿಷಯವಾಗಿ ತೆಗೆದುಕೊಂಡು ಬರುತ್ತಾರೆ. ಎರಡು ವಾರ ಕಳೆಯುವುದರೊಳಗೆ ದಾರಿ ಕಾಣದೆ ಕಂಗಾಲಾಗುತ್ತಾರೆ. ಮಾರ್ಗದರ್ಶಕರಾದ ಪ್ರೊಫೆಸರ್ ಇಪ್ಪತ್ತು ಮೂವತ್ತು ವರ್ಷದಿಂದ ಆ ದಾರಿಯಲ್ಲಿ ನಡೆದವರು. ಹೊಸಬರು ಎಲ್ಲಿ ಎಡವುತ್ತಾರೆ ಎಂಬುದು ಅವರಿಗೆ ಮರೆತೇ ಹೋಗಿರುತ್ತದೆ. ಅದು ಅವರ ತಪ್ಪಲ್ಲ, ಅಭ್ಯಾಸದ ಗುಣ. ಹೋದ ವರ್ಷವಷ್ಟೇ ಎಡವಿದವರಿಗೆ ಆ ಕಲ್ಲು ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ರೈತರು ಹೊಸ ಎತ್ತನ್ನು ಉಳುಮೆಗೆ ಪಳಗಿಸುವಾಗ ಪಳಗಿದ ಎತ್ತಿನ ಜೊತೆಗೆ ನೊಗಕ್ಕೆ ಹೂಡುತ್ತಾರೆ. ಸಾಲು ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಹೊಸದು ಪಕ್ಕದ ಎತ್ತಿನಿಂದಲೇ ಕಲಿಯುತ್ತದೆ. ಸಂಶೋಧನೆಯ ಹೊಲದಲ್ಲೂ ಕಲಿಕೆ ಹೀಗೇ ಆಗುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಇತಿಹಾಸ ಓದುತ್ತಿರುವ ಪದವಿ ವಿದ್ಯಾರ್ಥಿನಿ ಒಬ್ಬಳು ಎಂ.ಎ. ಓದುವ ಹಿರಿಯಳ ಹತ್ತಿರ ಬಂದು ಕೂತಿದ್ದಾಳೆ ಎಂದಿಟ್ಟುಕೊಳ್ಳಿ.

“ಅಕ್ಕಾ, ಬೆಂಗಳೂರಿನ ಪ್ಲೇಗು ಅಂತ ಟಾಪಿಕ್ ತಗೊಂಡಿದೀನಿ.”

“ಯಾವ ಬೆಂಗಳೂರು? ಪೇಟೇದಾ, ದಂಡಿಂದಾ?”

“ಎರಡೂ ಒಂದೇ ಅಲ್ವಾ ಅಕ್ಕಾ?”

“ಈಗ ಒಂದು. ಆಗ ಎರಡು. ಕಾಗದಾನೂ ಎರಡು ಕಡೆ ಇದೆ.”

ಈ ನಾಲ್ಕು ಮಾತಿನಲ್ಲಿ ಆ ಹುಡುಗಿಗೆ ಸಿಕ್ಕಿದ್ದು ದೊಡ್ಡದು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆಗ ಪೇಟೆ ಮೈಸೂರು ಸರ್ಕಾರದ ಆಡಳಿತದಲ್ಲಿತ್ತು. 1809ರಲ್ಲಿ ನೆಲೆಯಾದ ದಂಡು, 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದ ಮೇಲೂ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿದಿತ್ತು. ಅದು ಮೈಸೂರಿಗೆ ವಾಪಸು ಬಂದದ್ದು 1947ರಲ್ಲಿ, ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. ಒಂದೇ ರೋಗ, ಒಂದೇ ಊರಿನ ಜನ, ಆದರೆ ಬರೆದಿಟ್ಟವರು ಇಬ್ಬರು. ಮೈಸೂರು ಸರ್ಕಾರದ ಕಡತಗಳಿಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಮೈಸೂರು ರೆಸಿಡೆನ್ಸಿಯ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮಿಷನ್ ಆಸ್ಪತ್ರೆ, ಮಿಷನ್ ಶಾಲೆಗಳ ವಿಚಾರ ಹುಡುಕುವವರು ಬೆನ್ಸನ್ ಟೌನಿನ ದಾಖಲೆ ಭಂಡಾರದ ಬಾಗಿಲನ್ನೂ ತಟ್ಟಿ ನೋಡಬೇಕು. ಮೂರನೇ ವರ್ಷದ ಪದವಿ ವಿದ್ಯಾರ್ಥಿನಿ ಒಂದು ಸೆಮಿಸ್ಟರಿನಲ್ಲಿ ದೆಹಲಿಗೆ ಹೋಗಿಬರುವುದು ಕಷ್ಟ. ಹಾಗಾದರೆ ವಿಷಯವನ್ನು ಪೇಟೆಗೆ ಸೀಮಿತ ಮಾಡಿಕೋ, ಅದರಲ್ಲೂ ಒಂದೇ ವರ್ಷದ ಒಂದೇ ಸಂಗತಿಯನ್ನು ಹಿಡಿ ಎಂದು ಹಿರಿಯಳು ಹೇಳುತ್ತಾಳೆ. ಕೈಗೆ ಎಟುಕುವ ಪ್ರಶ್ನೆ ಅಲ್ಲಿ ಹುಟ್ಟುತ್ತದೆ.

ಆಮೇಲೆ ಸಣ್ಣ ಸಣ್ಣ ಪಾಠಗಳು. ಪತ್ರಾಗಾರಕ್ಕೆ ಹೋಗುವ ಮುಂಚೆ ಕಾಲೇಜಿನಿಂದ ಗುರುತಿನ ಪತ್ರ ಬರೆಸಿಕೊ. ಪೆನ್ನು ಬೇಡ, ಪೆನ್ಸಿಲ್ ಇಟ್ಟುಕೊ. ಹಳೆಯ ಕಾಗದದ ಮೇಲೆ ಶಾಯಿ ಬಿದ್ದರೆ ಹೋಗುವುದಿಲ್ಲ. ಕಡತದ ಸಂಖ್ಯೆ, ವರ್ಷ, ಪುಟ ಇವನ್ನು ಮೊದಲು ಬರೆದುಕೊ, ಒಳಗಿನ ವಿಷಯ ಆಮೇಲೆ. ಆರು ತಿಂಗಳ ನಂತರ ಅಡಿಟಿಪ್ಪಣಿ ಬರೆಯುವಾಗ ಇದನ್ನು ಎಲ್ಲಿ ನೋಡಿದೆ ಎಂದು ತಲೆ ಚಚ್ಚಿಕೊಳ್ಳುವುದು ತಪ್ಪುತ್ತದೆ. ಕಡತದ ಮಾತನ್ನು ಇದ್ದ ಹಾಗೆ ಬರೆದುಕೊಂಡರೆ ಉದ್ಧರಣ ಚಿಹ್ನೆ ಹಾಕು, ನಿನ್ನ ಮಾತಾದರೆ ಬೇರೆ ಪುಟದಲ್ಲಿ ಬರಿ. ಈ ಕೊನೆಯ ಮಾತು ಚಿಕ್ಕದಾಗಿ ಕಂಡರೂ ನಕಲು ಎಂಬ ಅಪವಾದದಿಂದ ಕಾಪಾಡುವುದು ಇದೇ. ಕೃತಿಚೌರ್ಯದ ಬಗ್ಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ನಿಯಮಗಳನ್ನು ತಂದಿತು. ಸಾಮ್ಯತೆ ಶೇಕಡಾ 10 ದಾಟಿದರೆ ದಂಡನೆಯ ಮೆಟ್ಟಿಲುಗಳು ಶುರುವಾಗುತ್ತವೆ. ಬಹಳ ಮಕ್ಕಳು ಕದಿಯಬೇಕೆಂದು ಕದಿಯುವುದಿಲ್ಲ, ಟಿಪ್ಪಣಿ ಮಾಡಿಕೊಳ್ಳುವ ಕ್ರಮವನ್ನು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ದಂಡನೆಯ ಸಾಫ್ಟ್‌ವೇರ್ ಕೊನೆಗೆ ಬರುತ್ತದೆ. ಪಕ್ಕದಲ್ಲಿ ಕೂತು ನೋಟ್‌ಬುಕ್ ನೋಡುವ ಅಕ್ಕನೋ ಅಣ್ಣನೋ ಮೊದಲೇ ಬೇಕು.

ವಿಜ್ಞಾನದ ಪ್ರಯೋಗಾಲಯದಲ್ಲೂ ಇದೇ ಕಥೆ. ಪದವಿಯ ಪ್ರಾಕ್ಟಿಕಲ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ರೀಡಿಂಗ್ ಉತ್ತರಕ್ಕೆ ಹೊಂದದಿದ್ದರೆ ಹೊಂದಿಸುವ ಚಾಳಿ ಎಷ್ಟೋ ಮಕ್ಕಳಿಗೆ ಅಂಟಿರುತ್ತದೆ. ಸಂಶೋಧನೆಗೆ ಬಂದ ಮೊದಲ ದಿನವೇ ಈ ಚಾಳಿ ಬಿಡಿಸಬೇಕು. ನೋಟ್‌ಬುಕ್ಕಿನ ಹಾಳೆ ಹರಿಯಬಾರದು, ದಿನಾಂಕ ಹಾಕದೆ ಒಂದು ಸಾಲೂ ಬರೆಯಬಾರದು, ಕೆಟ್ಟುಹೋದ ಪ್ರಯೋಗವನ್ನೂ ಕೆಟ್ಟುಹೋದ ಹಾಗೆಯೇ ಬರೆದಿಡಬೇಕು. ಇದನ್ನು ಉಪದೇಶವಾಗಿ ಹೇಳಿದರೆ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತದೆ. ಪಿಎಚ್.ಡಿ. ಮಾಡುವ ಹಿರಿಯರು ತಮ್ಮ ನೋಟ್‌ಬುಕ್ ತೆರೆದು, ನೋಡಪ್ಪ, ಈ ಹತ್ತು ಪುಟ ಪೂರ್ತಿ ದಂಡ, ಹನ್ನೊಂದನೇ ಪುಟದಲ್ಲಿ ಯಾಕೆ ಅಂತ ಗೊತ್ತಾಯಿತು ಎಂದು ತೋರಿಸಿದರೆ ಆ ಮಗು ಅದನ್ನು ಜನ್ಮದಲ್ಲಿ ಮರೆಯುವುದಿಲ್ಲ.

ನಮ್ಮ ನಾಡಿನಲ್ಲಿ ಇದಕ್ಕೆ ದಾರಿಗಳು ಇಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಸಂಶೋಧನೆಯನ್ನೇ ಮುಖ್ಯವಾಗಿಟ್ಟುಕೊಂಡ ನಾಲ್ಕು ವರ್ಷದ ಪದವಿ ಆರಂಭಿಸಿತು. ಪ್ರಾಜೆಕ್ಟ್‌ಗೆಂದು ಪ್ರಯೋಗಾಲಯಕ್ಕೆ ಸೇರುವ ಮಕ್ಕಳು ದಿನವಿಡೀ ಕೆಲಸ ಮಾಡುವುದು ಅಲ್ಲಿನ ಸಂಶೋಧನಾ ವಿದ್ಯಾರ್ಥಿಗಳ ಮಗ್ಗುಲಲ್ಲೇ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿ ಮತ್ತು ಅಲಹಾಬಾದಿನ ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ಹೊರದೇಶದ ಮಾತು ಹೇಳುವುದಾದರೆ, ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಯೋಜನೆಯನ್ನು ಮಾರ್ಗರೆಟ್ ಮ್ಯಾಕ್‌ವಿಕರ್ 1969ರಲ್ಲೇ ಆರಂಭಿಸಿದರು.

ಆದರೆ ಈ ದೊಡ್ಡ ಸಂಸ್ಥೆಗಳ ಬಾಗಿಲು ತೆರೆಯುವುದು ಆಯ್ದ ಕೆಲವರಿಗೆ. ಶಿವಾಜಿನಗರದ, ಹಲಸೂರಿನ, ಕೆ.ಆರ್. ಪುರದ ಸಾಮಾನ್ಯ ಡಿಗ್ರಿ ಕಾಲೇಜಿನ ಹುಡುಗನ ಗತಿ ಏನು? ಬೆಳಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯ ಗತಿ ಏನು? ಸಂಶೋಧನೆ ತನಗಲ್ಲ ಎಂದುಕೊಂಡೇ ಇಂಥವರು ಪದವಿ ಮುಗಿಸುತ್ತಾರೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ಕರ್ನಾಟಕ. ಸಂಶೋಧನೆಗೆ ಎಡೆಯಿದ್ದ ನಾಲ್ಕನೇ ವರ್ಷ ಆಗ ಪದವಿಗೆ ಸೇರಿತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಯಾವುದು ಸರಿ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಪದವಿ ಮೂರು ವರ್ಷದ್ದಿರಲಿ, ನಾಲ್ಕು ವರ್ಷದ್ದಿರಲಿ, ಒಂದು ಪ್ರಶ್ನೆ ಕೇಳಿ ಅದರ ಉತ್ತರವನ್ನು ತಾನೇ ಹುಡುಕುವ ಅನುಭವ ಪ್ರತಿ ಪದವೀಧರನಿಗೂ ಒಮ್ಮೆಯಾದರೂ ಸಿಗಲೇಬೇಕು. ಅದಕ್ಕೆ ಹೊಸ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ಮುಂದಿನ ಮೆಟ್ಟಿಲಲ್ಲಿ ನಿಂತವರು ಕೈ ಚಾಚಬೇಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಈ ಕೈ ಇನ್ನೂ ಹೆಚ್ಚು ಬೇಕು. ಸಂಶೋಧನಾ ಲೇಖನಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಮೊದಲ ಪ್ಯಾರಾ ಓದುವಷ್ಟರಲ್ಲಿ ಮಗುವಿಗೆ ಸುಸ್ತು. ತನಗೆ ಬುದ್ಧಿ ಸಾಲದು ಎಂದುಕೊಳ್ಳುತ್ತದೆ; ನಿಜವಾಗಿ ಸಾಲದಿರುವುದು ಆ ಬಗೆಯ ಬರಹದ ಪರಿಚಯ, ಅಷ್ಟೆ. ಅದೇ ಕಷ್ಟವನ್ನು ದಾಟಿ ಬಂದ ಹಿರಿಯ ವಿದ್ಯಾರ್ಥಿ ಅಲ್ಲಿದ್ದರೆ ಹೀಗೆ ಹೇಳಬಲ್ಲರು: ಲೇಖನವನ್ನು ಮೊದಲಿನಿಂದ ಕೊನೆಯ ತನಕ ಓದಬೇಡ. ಸಾರಾಂಶ ಓದು, ಆಮೇಲೆ ಚಿತ್ರ ಕೋಷ್ಟಕ ನೋಡು, ಆಮೇಲೆ ಕೊನೆಯ ಪುಟಕ್ಕೆ ಹೋಗು. ನಡುವಿನದನ್ನು ಬೇಕಾದಾಗ ಓದಿದರಾಯಿತು. ಓದಿದ ಮೇಲೆ ಅರ್ಧ ಹಾಳೆಯಲ್ಲಿ ಕನ್ನಡದಲ್ಲೇ ಮೂರು ವಾಕ್ಯ ಬರಿ: ಇವರು ಕೇಳಿದ ಪ್ರಶ್ನೆ ಏನು, ಅದಕ್ಕಾಗಿ ಏನು ಮಾಡಿದರು, ಇವರ ಉತ್ತರ ತಪ್ಪೆಂದು ಯಾವುದರಿಂದ ತೋರಿಸಬಹುದು. ಮೂರನೇ ವಾಕ್ಯ ಬರೆಯಲು ಬಂತೆಂದರೆ ಆ ಲೇಖನ ಅರ್ಥವಾಯಿತು ಎಂದೇ ತಿಳಿ. ಶೋಧಗಂಗಾ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಓದಲು ಸಿಗುತ್ತವೆ. ಕನ್ನಡದಲ್ಲಿ ಬರೆದವೂ ಅಲ್ಲಿವೆ. ಒಂದು ಪ್ರಬಂಧದ ಮೊದಲ ಅಧ್ಯಾಯ ಮತ್ತು ಗ್ರಂಥಋಣ ನೋಡಿದರೂ ಆ ವಿಷಯದಲ್ಲಿ ಇದುವರೆಗೆ ಯಾರು ಏನು ಮಾಡಿದ್ದಾರೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಶೋಧಗಂಗಾದ ಹೆಸರನ್ನೇ ಕೇಳದೆ ಪದವಿ ಮುಗಿಸಿದವರು ನಮ್ಮಲ್ಲಿ ಎಷ್ಟೋ ಜನ.

ಎಲ್ಲ ವಿಷಯಗಳಲ್ಲೂ ಆಗಲೇ ಕೆಲಸ ಆಗಿಹೋಗಿದೆ, ನನಗೇನು ಉಳಿದಿದೆ ಎಂದು ಕೇಳುವ ಮಕ್ಕಳಿದ್ದಾರೆ. ಅವರಿಗೆ ಹೆಬ್ಬಾಳದಲ್ಲಿ ಸಿಕ್ಕ, ಕಿತ್ತಯ್ಯ ಎಂಬವನ ವೀರಗಲ್ಲನ್ನು ತೋರಿಸಬೇಕು. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟವಾಗಿ ಅಚ್ಚು ಹಾಕಿಸಿದ್ದರು. ಅದಾದ ಮೇಲೆ ನೂರಕ್ಕೂ ಹೆಚ್ಚು ವರ್ಷ ಕಳೆದು, 2018ರಲ್ಲಿ ಚರಂಡಿ ಕೆಲಸದ ಅಗೆತದಲ್ಲಿ, ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು ಎನ್ನುವ ಈ ಕಲ್ಲು ಹೊರಬಿತ್ತು. ಬೆನ್ಸನ್ ಟೌನಿನಿಂದ ಒಂದು ಬಸ್ಸಿನ ದಾರಿ. ಇಂಥ ಕಲ್ಲಿನ ಅಕ್ಷರ ಓದಲು ಪುಸ್ತಕವೊಂದೇ ಸಾಲುವುದಿಲ್ಲ. ಓದಬಲ್ಲವರು ಪಕ್ಕದಲ್ಲಿ ನಿಂತು, ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ತೋರಿಸಬೇಕು. ಶಾಸನಶಾಸ್ತ್ರ ಕಲಿಯುವ ಎಂ.ಎ. ವಿದ್ಯಾರ್ಥಿಯೊಬ್ಬರು ಒಂದು ಭಾನುವಾರ ನಾಲ್ಕು ಜನ ಪದವಿ ಮಕ್ಕಳನ್ನು ಕರೆದುಕೊಂಡು ಹೋದರೆ ಸಾಕು. ಆ ನಾಲ್ವರಲ್ಲಿ ಒಬ್ಬರಾದರೂ ಮತ್ತೆ ಹೋಗುತ್ತಾರೆ.

ಹಿರಿಯರು ಹೀಗೆ ಹೊಸಬರ ಕೈಹಿಡಿಯುವುದು ಕನ್ನಡದ ಮಟ್ಟಿಗೆ ಹೊಸ ಸಂಗತಿಯೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಕಟ್ಟಿ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವನ್ನು ಹೊರಡಿಸಿದರು. ಒಂದು ಕಾಲೇಜಿನ ಸಂಘದಿಂದ ಹೊರಟ ಪತ್ರಿಕೆ ಕನ್ನಡ ಸಂಶೋಧನೆಯ ದೊಡ್ಡ ಆಸರೆಯಾಗಿ ಬೆಳೆಯಿತು. ಹೊಸಬರ ಬರಹವನ್ನು ಯಾರಾದರೂ ಓದಿ, ತಿದ್ದಿ, ಅಚ್ಚಿಗೆ ಕೊಡುವ ವ್ಯವಸ್ಥೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿಯಿದೆ.

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತುಗಳನ್ನೂ ಹೇಳಬೇಕು. ಕಿರಿಯರು ಹಿರಿಯರ ಆಳುಗಳಲ್ಲ. ನನ್ನ ಡೇಟಾ ಟೈಪ್ ಮಾಡಿಕೊಡು, ನನ್ನ ಪ್ರಶ್ನಾವಳಿ ತುಂಬಿಸಿಕೊಂಡು ಬಾ ಎಂದು ದುಡಿಸಿಕೊಂಡು, ಲೇಖನ ಅಚ್ಚಾದಾಗ ಹೆಸರು ಕೈಬಿಡುವುದು ಅನ್ಯಾಯ. ಕೆಲಸ ಶುರುವಾಗುವ ಮೊದಲೇ ಯಾರ ಪಾಲು ಎಷ್ಟು, ಹೆಸರು ಎಲ್ಲಿ ಬರುತ್ತದೆ ಎಂದು ಮಾರ್ಗದರ್ಶಕರ ಎದುರು ಬರೆದಿಟ್ಟುಕೊಳ್ಳಬೇಕು. ಮಾಡಿದ ಕೆಲಸಕ್ಕೆ ಮಾನ್ಯತೆ ತಪ್ಪಿದರೆ ಎಷ್ಟು ನೋವು ಎಂಬುದಕ್ಕೆ ನಮ್ಮ ಊರಿನ ವಿಜ್ಞಾನದ ಇತಿಹಾಸದಲ್ಲೇ ಒಂದು ನಿದರ್ಶನವಿದೆ. ಅಣ್ಣಾ ಮಣಿ 1940ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಮೇಲೆ ಹಗಲಿರುಳು ದುಡಿದರು, ಲೇಖನಗಳನ್ನು ಪ್ರಕಟಿಸಿದರು, ಪಿಎಚ್.ಡಿ. ಪ್ರಬಂಧವನ್ನೂ ಬರೆದು ಮುಗಿಸಿದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಅವರು ಧೃತಿಗೆಡದೆ ಹವಾಮಾನ ಉಪಕರಣಗಳ ಕ್ಷೇತ್ರದಲ್ಲಿ ದೊಡ್ಡ ಹೆಸರಾದರು. ಎಲ್ಲರಿಗೂ ಅಂಥ ಗಟ್ಟಿತನ ಇರುತ್ತದೆಂದು ನಂಬಿ ಕೂರಬಾರದು. ಮಕ್ಕಳ ಕೆಲಸ ಕಾಗದದ ಮೇಲೆ ದಾಖಲಾಗುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಇನ್ನೊಂದು ಎಚ್ಚರ. ಹಿರಿಯರು ಕಿರಿಯರ ಕೆಲಸವನ್ನು ತಾವೇ ಮಾಡಿಕೊಡಬಾರದು. ಕೋಷ್ಟಕ ತಪ್ಪಾಗಿದ್ದರೆ ಎಲ್ಲಿ ತಪ್ಪು ಎಂದು ಬೆರಳು ತೋರಿಸಿ ಸುಮ್ಮನಾಗಬೇಕು. ತಿದ್ದುವ ಪೆನ್ನು ಕಿರಿಯರ ಕೈಯಲ್ಲೇ ಇರಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು, ನಡಿ ಸರ್ ಹತ್ತಿರ ಇಬ್ಬರೂ ಹೋಗಿ ಕೇಳೋಣ ಎನ್ನಬೇಕು. ಹೊಂದಾಣಿಕೆ ಆಗದಿದ್ದರೆ, ಕಿರುಕುಳ ಅನ್ನಿಸಿದರೆ, ಕಾರಣ ಹೇಳುವ ಮುಜುಗರವಿಲ್ಲದೆ ಬೇರೆಯವರನ್ನು ಕೇಳಿಕೊಳ್ಳುವ ಅವಕಾಶ ಕಿರಿಯರಿಗೆ ಇರಲೇಬೇಕು. ಪ್ರೊಫೆಸರರು ಹದಿನೈದು ದಿನಕ್ಕೊಮ್ಮೆಯಾದರೂ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಬೇಕು. ಹಿರಿಯ ವಿದ್ಯಾರ್ಥಿ ಇದ್ದಾರೆಂದು ಗುರು ಕೈತೊಳೆದುಕೊಂಡರೆ ಇಡೀ ಏರ್ಪಾಡು ಕೆಡುತ್ತದೆ.

ಹಿರಿಯರಿಗೆ ಇದರಿಂದ ಏನು ಲಾಭ ಎಂದು ಕೇಳಬಹುದು. ತಮಗೇ ಥೀಸಿಸ್ ಮುಗಿಸುವ ಒತ್ತಡ, ಫೆಲೋಶಿಪ್ ಹಣ ಬರುವುದು ತಡ, ಮನೆಯವರ ಪ್ರಶ್ನೆಗಳು ಬೇರೆ. ಅವರ ಹೊತ್ತಿಗೆ ಬೆಲೆಯಿದೆ. ಆದರೆ ಹತ್ತೊಂಬತ್ತು ವರ್ಷದ ಮಗು ಮುಖಕ್ಕೆ ಮುಖ ಕೊಟ್ಟು, ಇದನ್ನ ಯಾಕೆ ಮಾಡ್ತಿದೀರ ಎಂದು ಕೇಳಿದಾಗ ಉತ್ತರ ಹೇಳಲು ಹೊರಟರೆ, ತಮ್ಮ ವಿಷಯ ತಮಗೇ ಎಷ್ಟು ತಿಳಿದಿದೆ ಎಂಬುದು ಹೊರಬೀಳುತ್ತದೆ. ಥೀಸಿಸ್ಸಿನ ಮುನ್ನುಡಿ ಅಂಥ ಉತ್ತರದಿಂದಲೇ ತಿಳಿಯಾಗುತ್ತದೆ. ಮುಂದೆ ಪಾಠ ಮಾಡುವ ಕೆಲಸಕ್ಕೆ ಹೋಗುವವರಿಗಂತೂ ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ನಿಯಮದಲ್ಲೂ ಇದಕ್ಕೆ ಜಾಗ ಇದೆ. ಧನಸಹಾಯ ಆಯೋಗದ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಸಂಶೋಧನಾ ವಿದ್ಯಾರ್ಥಿಗಳಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನೆಯ ಅಥವಾ ಸಂಶೋಧನೆಯ ನೆರವಿನ ಕೆಲಸ ವಹಿಸಬಹುದು. ಆ ಗಂಟೆಗಳಲ್ಲಿ ಎರಡನ್ನು ಪದವಿ ಮಕ್ಕಳ ಮೊದಲ ಸಂಶೋಧನೆಗೆ ಮೀಸಲಿಡಿ, ಅದನ್ನು ಕೆಲಸವೆಂದೇ ಬರೆದಿಡಿ, ಅದಕ್ಕೊಂದು ಪ್ರಮಾಣಪತ್ರ ಕೊಡಿ ಎಂದು ನಮ್ಮ ವಿಶ್ವವಿದ್ಯಾಲಯಗಳನ್ನು ಕೇಳಿಕೊಳ್ಳುತ್ತೇನೆ. ಒಬ್ಬ ಹಿರಿಯರಿಗೆ ಇಬ್ಬರು ಮೂವರು ಕಿರಿಯರಿಗಿಂತ ಹೆಚ್ಚು ಬೇಡ. ಸ್ನಾತಕೋತ್ತರ ವಿಭಾಗ ಇಲ್ಲದ ಕಾಲೇಜುಗಳು ಪಕ್ಕದ ಸಂಸ್ಥೆಯ ಜೊತೆ ಮಾತಾಡಿ ಜೋಡಿ ಮಾಡಿಕೊಳ್ಳಲಿ. ಬೆನ್ಸನ್ ಟೌನಿನಂಥ ಕಡೆ, ಅಕ್ಕಪಕ್ಕದಲ್ಲೇ ಇಷ್ಟೊಂದು ಓದುವ ಜನ ಇರುವಲ್ಲಿ, ಇದು ಆಗದ ಕೆಲಸವಲ್ಲ.

ಪದವಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಕೇಳಲು ನಾಚಬೇಡಿ. ನಿಮ್ಮ ಪ್ರಶ್ನೆ ಎಷ್ಟು ಸಣ್ಣದಾದರೂ ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬರೆದ ಪ್ರಶ್ನೆಗೆ ಯಾರೂ ಇಲ್ಲ ಅನ್ನುವುದಿಲ್ಲ. ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಮಾಡುತ್ತಿರುವ ಗೆಳೆಯ ಗೆಳತಿಯರಿಗೂ ಒಂದು ಮಾತು. ಯೋಜನೆ ಬರಲಿ, ಸುತ್ತೋಲೆ ಬರಲಿ ಎಂದು ಕಾಯಬೇಡಿ. ನಿಮ್ಮ ಗ್ರಂಥಾಲಯದಲ್ಲಿ, ನಿಮ್ಮ ಪ್ರಯೋಗಾಲಯದಲ್ಲಿ, ಯಾವ ಕಪಾಟು ತೆಗೆಯಬೇಕೆಂದು ಗೊತ್ತಾಗದೆ ನಿಂತಿರುವ ಒಬ್ಬರು ಈ ವಾರ ಕಂಡೇ ಕಾಣುತ್ತಾರೆ. ಅವರಿಗೆ ಒಂದು ಗಂಟೆ ಕೊಡಿ. ನಾಳೆಯ ಕನ್ನಡ ನಾಡಿನ ಸಂಶೋಧಕರು ಅವರಲ್ಲಿಯೇ ಇದ್ದಾರೆ, ಅವರನ್ನು ತಯಾರು ಮಾಡುವ ಶಕ್ತಿ ನಿಮ್ಮ ಕೈಯಲ್ಲಿದೆ.